ಮೆಟ್ಟಿಲ ದೀಪಕ್ಕೊಂದು ಕಣ್ಣು

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ‘ಮೋಷನ್ ಸೆನ್ಸರ್’ ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಎಚ್‌ಸಿ-ಎಸ್‌ಆರ್501 ಎಂಬ ಪುಟ್ಟ ಸಾಧನ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸರ್ಕಿಟ್ ಬೋರ್ಡು, ಅದರ ನೆತ್ತಿಯ ಮೇಲೆ ಹಾಲುಬಿಳುಪಿನ ಗುಮ್ಮಟ, ಒಂದು ಅಂಚಿನಲ್ಲಿ ಮೂರು ಪಿನ್ನು, ಇನ್ನೊಂದು ಅಂಚಿನಲ್ಲಿ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಎರಡು ಪ್ರಿಸೆಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಇದು ಒಂದು ಹೊತ್ತಿನ ಊಟದ ಬೆಲೆಗೆ ಸಿಗುತ್ತದೆ. ಆರ್ಡುಯಿನೊ ಉನೊದಂಥ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಇದನ್ನು ಜೋಡಿಸಲು ಮೂರೇ ತಂತಿ ಸಾಕು. ಮೆಟ್ಟಿಲ ಬಳಿ ಕಾಲಿಟ್ಟ ಕೂಡಲೇ ಹೊತ್ತಿಕೊಳ್ಳುವ ದೀಪವನ್ನು ಮನೆಯಲ್ಲೇ ಮಾಡಬೇಕೆಂದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ತೊಂದರೆ ಶುರುವಾಗುವುದು ಜೋಡಿಸಿದ ಮೇಲೆ. ಯಾರೂ ಇಲ್ಲದಾಗ ದೀಪ ಹೊತ್ತುತ್ತದೆ. ಎದುರಿಗೇ ಜನ ಕೂತಿದ್ದರೂ ಆರಿಹೋಗುತ್ತದೆ. ಡಿಸೆಂಬರಿನಲ್ಲಿ ಚೆನ್ನಾಗಿದ್ದದ್ದು ಏಪ್ರಿಲ್‌ನಲ್ಲಿ ಮಂಕಾಗುತ್ತದೆ. ಸೆನ್ಸರ್ ಕೆಟ್ಟಿದೆಯೆಂದು ಎಷ್ಟೋ ಮಂದಿ ಅದನ್ನು ಮೂಲೆಗೆ ಎಸೆದಿದ್ದಾರೆ. ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ಹೆಸರಿನಲ್ಲಿ ಚಲನೆ ಇದ್ದರೂ ಈ ಸಾಧನಕ್ಕೆ ಚಲನೆ ಕಾಣುವುದೇ ಇಲ್ಲ, ಮನುಷ್ಯರೂ ಕಾಣುವುದಿಲ್ಲ. ಅದಕ್ಕೆ ತಿಳಿಯುವುದು ತನ್ನ ಮುಂದಿನ ನೋಟದಲ್ಲಿ ಶಾಖ ಹಠಾತ್ತನೆ ಏರಿತೇ ಇಳಿಯಿತೇ ಎಂಬುದಷ್ಟೇ. ತಂತಿ ಹಾಕುವುದರಿಂದ ಹಿಡಿದು ಗೋಡೆಯ ಮೇಲೆ ಜಾಗ ಹುಡುಕುವವರೆಗೆ ಎಲ್ಲ ನಿರ್ಧಾರವೂ ಈ ಒಂದು ಸಂಗತಿಯಿಂದ ಹುಟ್ಟುತ್ತದೆ.

ಬೆಚ್ಚಗಿರುವ ಯಾವ ವಸ್ತುವೂ ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಕಾದ ಕಬ್ಬಿಣ ಕೆಂಪಾಗಿ ಕಾಣುತ್ತದೆ. ಮನುಷ್ಯನ ಮೈ ಅಷ್ಟು ಬಿಸಿಯಲ್ಲವಾದ್ದರಿಂದ ಅದರ ಕಿರಣ ಕೆಂಪಿಗಿಂತ ಬಹಳ ಕೆಳಗೆ, ಅವಗೆಂಪು ಪಟ್ಟಿಯಲ್ಲಿ ಬೀಳುತ್ತದೆ. ಕಣ್ಣು ಗುರುತಿಸುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರೋಮೀಟರ್. ಚರ್ಮದಿಂದ ಹೊಮ್ಮುವ ಕಿರಣ ಅತ್ಯಂತ ಪ್ರಬಲವಾಗಿರುವುದು 9.5 ಮೈಕ್ರೋಮೀಟರ್‌ನ ಆಸುಪಾಸಿನಲ್ಲಿ. ಈ ಸೆನ್ಸರ್ ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ, ಬಂದದ್ದನ್ನು ಸ್ವೀಕರಿಸುತ್ತದೆ ಅಷ್ಟೆ. ಆದ್ದರಿಂದಲೇ ಇದಕ್ಕೆ ಪ್ಯಾಸಿವ್ ಇನ್‌ಫ್ರಾರೆಡ್, ಚಿಕ್ಕದಾಗಿ ಪಿಐಆರ್, ಎಂಬ ಹೆಸರು.

ಗುಮ್ಮಟವನ್ನು ಮೆಲ್ಲಗೆ ಎಳೆದರೆ ಕಳಚಿಬರುತ್ತದೆ. ಒಳಗೆ ಗುಂಡನೆಯ ಲೋಹದ ಡಬ್ಬಿ, ಅದರ ಮುಖದಲ್ಲಿ ಚೌಕನೆಯ ಕಪ್ಪು ಕಿಟಕಿ. ಆ ಕಿಟಕಿ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಸುಮಾರು 5ರಿಂದ 14 ಮೈಕ್ರೋಮೀಟರ್‌ವರೆಗಿನ ಕಿರಣವನ್ನು ಮಾತ್ರ ಒಳಬಿಡುವ ಫಿಲ್ಟರ್. ಅದರ ಹಿಂದೆ ಪೈರೋಎಲೆಕ್ಟ್ರಿಕ್ ವಸ್ತುವಿನ ಎರಡು ತುಣುಕುಗಳಿವೆ. ಬಿಸಿ ಬದಲಾದರೆ ಮೈಮೇಲೆ ವಿದ್ಯುದಾವೇಶ ತೋರುವ ಹರಳುಗಳಿಗೆ ಈ ಹೆಸರು. ಗುಣ ಹಳೆಯದು: 18ನೇ ಶತಮಾನದ ಆರಂಭದಲ್ಲಿ ಡಚ್ ವ್ಯಾಪಾರಿಗಳು ಸಿಂಹಳದಿಂದ ಯೂರೋಪಿಗೆ ಒಯ್ದ ಟೂರ್ಮಲಿನ್ ಕಲ್ಲು ಕೆಂಡದ ಬಳಿ ಕಾದಾಗ ಬೂದಿಯನ್ನು ತನ್ನತ್ತ ಸೆಳೆಯುವುದನ್ನು ಜನ ಕಂಡಿದ್ದರು. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1824ರಲ್ಲಿ ಅದಕ್ಕೆ ಪೈರೋಎಲೆಕ್ಟ್ರಿಸಿಟಿ ಎಂದು ಹೆಸರಿಟ್ಟ. ಅಂದು ಬೂದಿ ಎಳೆದ ಗುಣವೇ ಇಂದು ಮೆಟ್ಟಿಲ ದೀಪ ಹೊತ್ತಿಸುತ್ತಿದೆ.

ಎರಡು ತುಣುಕುಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿರುವುದೇ ಇದರ ಜಾಣ್ಮೆ. ಕೋಣೆಯೆಲ್ಲ ಒಟ್ಟಿಗೆ ಬೆಚ್ಚಗಾದರೆ ಎರಡಕ್ಕೂ ಸಮನಾಗಿ ಶಾಖ ತಗಲುತ್ತದೆ, ಒಂದರ ವಿದ್ಯುತ್ತು ಇನ್ನೊಂದರದ್ದನ್ನು ವಜಾ ಮಾಡುತ್ತದೆ, ಏನೂ ಹೊರಬರುವುದಿಲ್ಲ. ಮನುಷ್ಯನೊಬ್ಬ ಅಡ್ಡಹಾಯ್ದರೆ ಅವನ ಮೈಬಿಸಿ ಮೊದಲು ಒಂದು ತುಣುಕಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ ಬೀಳುತ್ತದೆ. ಆಗ ವೋಲ್ಟೇಜು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ತೂಗುತ್ತದೆ. ಈ ತೂಗಾಟ ಬಹಳ ಕ್ಷೀಣ. ಬೋರ್ಡಿನ ಮೇಲಿರುವ ಬಿಐಎಸ್‌ಎಸ್0001 ಎಂಬ ಚಿಪ್ಪು ಅದನ್ನು ಸಾವಿರಾರು ಪಟ್ಟು ಹಿಗ್ಗಿಸಿ, ಒಂದು ಮಿತಿ ದಾಟಿತೇ ಎಂದು ಹೋಲಿಸಿ, ದಾಟಿದ್ದರೆ ಹೊರಗಿನ ಪಿನ್ನಿಗೆ 3.3 ವೋಲ್ಟ್ ಕೊಡುತ್ತದೆ. ಇಲ್ಲದಿದ್ದರೆ ಸೊನ್ನೆ. ಮೈಕ್ರೋಕಂಟ್ರೋಲರ್‌ಗೆ ತಲುಪುವುದು ಹೌದು ಅಥವಾ ಇಲ್ಲ ಎಂಬ ಈ ಉತ್ತರ ಮಾತ್ರ. ಎಷ್ಟು ಜನ, ಎಷ್ಟು ದೂರ, ಯಾವ ಕಡೆಗೆ ಎಂಬುದನ್ನು ಈ ಸೆನ್ಸರಿನಿಂದ ನಿರೀಕ್ಷಿಸುವಂತಿಲ್ಲ.

ಬಿಳಿ ಗುಮ್ಮಟ ಅಲಂಕಾರಕ್ಕಲ್ಲ. ಹತ್ತಿರದಿಂದ ನೋಡಿದರೆ ಅದು ಜೇನುಹಲ್ಲೆಯ ಹಾಗೆ ಸಣ್ಣ ಸಣ್ಣ ಕೋಶಗಳಾಗಿ ಒಡೆದಿರುವುದು ಕಾಣುತ್ತದೆ. ಪ್ರತಿ ಕೋಶವೂ ಒಂದು ಫ್ರೆನೆಲ್ ಲೆನ್ಸ್. ದೀಪಸ್ತಂಭಗಳಿಗಾಗಿ 1820ರ ದಶಕದಲ್ಲಿ ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ರೂಪಿಸಿದ ತೆಳುಮಸೂರದ ವಂಶದ್ದು ಇದು. ಗಾಜಿನ ಬದಲು ಪಾಲಿಥೀನ್‌ನಿಂದ ಮಾಡಿದ್ದು, ಏಕೆಂದರೆ ಮೈಬಿಸಿಯ ಕಿರಣ ಗಾಜಿನೊಳಗೆ ಹಾಯುವುದಿಲ್ಲ, ಪಾಲಿಥೀನ್‌ನೊಳಗೆ ಹಾಯುತ್ತದೆ. ಕೋಶಕ್ಕೊಂದು ನೋಟದ ಪಟ್ಟೆ. ಪಟ್ಟೆಗಳ ನಡುವೆ ಕುರುಡು ಜಾಗ. ನಡೆಯುವ ಮನುಷ್ಯ ಕಂಡು, ಮರೆಯಾಗಿ, ಮತ್ತೆ ಕಂಡು ಸಾಗುವುದರಿಂದಲೇ ತುಣುಕುಗಳ ಮೇಲೆ ಶಾಖ ಏರಿಳಿಯುತ್ತದೆ. ಗುಮ್ಮಟ ತೆಗೆದು ಬಳಸಿದರೆ ಸೆನ್ಸರ್ ಬಹುಮಟ್ಟಿಗೆ ಕುರುಡಾಗುವುದು ಇದಕ್ಕೇ.

ಈಗ ತಂತಿಯ ಕೆಲಸ. ಮೂರು ಪಿನ್ನುಗಳಲ್ಲಿ ಒಂದು ವಿದ್ಯುತ್ತಿಗೆ, ಒಂದು ಗ್ರೌಂಡಿಗೆ, ನಡುವಿನದು ಔಟ್‌ಪುಟ್‌ಗೆ. ಅಂಚಿನ ಎರಡರಲ್ಲಿ ಯಾವುದು ಯಾವುದೆಂದು ಚಿತ್ರ ನೋಡಿ ನಂಬಬಾರದು. ಬೇರೆ ಬೇರೆ ತಯಾರಕರ ಬೋರ್ಡುಗಳಲ್ಲಿ ಅದಲುಬದಲಾಗಿರುವುದುಂಟು. ಗುಮ್ಮಟ ಕಳಚಿದರೆ ಅದರ ಕೆಳಗೆ ಪಿನ್ನುಗಳ ಪಕ್ಕದಲ್ಲೇ ಹೆಸರು ಅಚ್ಚಾಗಿರುತ್ತದೆ. ಒಂದು ನಿಮಿಷ ಕೊಟ್ಟು ಅದನ್ನು ಓದಿಕೊಳ್ಳುವುದು ಒಳ್ಳೆಯದು. ವಿದ್ಯುತ್ ಪಿನ್ನನ್ನು ಉನೊ ಬೋರ್ಡಿನ 5 ವೋಲ್ಟ್ ಪಿನ್ನಿಗೆ, ಗ್ರೌಂಡನ್ನು ಗ್ರೌಂಡಿಗೆ, ಔಟ್‌ಪುಟ್ಟನ್ನು ಡಿಜಿಟಲ್ ಪಿನ್ 2ಕ್ಕೆ ಸೇರಿಸಬೇಕು. ತಂತಿ ಹಾಕುವಾಗ ಯುಎಸ್‌ಬಿ ಕೇಬಲ್ ಕಳಚಿರಲಿ.

5 ವೋಲ್ಟೇ ಏಕೆ, ಪಕ್ಕದಲ್ಲೇ ಇರುವ 3.3 ವೋಲ್ಟ್ ಪಿನ್ನು ಏಕಾಗದು ಎಂಬ ಪ್ರಶ್ನೆ ಸಹಜ. ಸೆನ್ಸರ್ ಬೋರ್ಡಿನ ಬಾಗಿಲಲ್ಲೇ ಒಂದು ಡಯೋಡು ಕೂತಿರುತ್ತದೆ. ತಂತಿ ತಿರುವುಮುರುವಾದರೆ ಬೋರ್ಡು ಸುಡದಿರಲೆಂದು ಅದನ್ನು ಇಟ್ಟಿರುವುದು. ತನ್ನ ಪಾಲಿಗೆ ಅದು ಸುಮಾರು 0.7 ವೋಲ್ಟ್ ಉಳಿಸಿಕೊಳ್ಳುತ್ತದೆ. ಮುಂದಿರುವ ರೆಗ್ಯುಲೇಟರ್ 3.3 ವೋಲ್ಟನ್ನು ಸ್ಥಿರವಾಗಿ ಕೊಡಬೇಕಾದರೆ ಅದಕ್ಕಿಂತ ಹೆಚ್ಚಿನದು ಒಳಗೆ ಬರಬೇಕು. 5 ವೋಲ್ಟ್ ಕೊಟ್ಟರೆ ಡಯೋಡಿನ ಪಾಲು ಕಳೆದು 4.3 ಉಳಿಯುತ್ತದೆ, ಸಾಕಾಗುತ್ತದೆ. 3.3 ಕೊಟ್ಟರೆ ಉಳಿಯುವುದು 2.6, ಆಗ ಸೆನ್ಸರ್ ಸುಮ್ಮಸುಮ್ಮನೆ ಕೂಗಿಕೊಳ್ಳುತ್ತದೆ, ಇಲ್ಲವೇ ಮಾತೇ ಆಡುವುದಿಲ್ಲ.

ಔಟ್‌ಪುಟ್ 3.3 ವೋಲ್ಟ್, ಉನೊ 5 ವೋಲ್ಟಿನ ಬೋರ್ಡು. ಇವೆರಡರ ಮಾತು ಹೊಂದುತ್ತದೆಯೇ? ಹೊಂದುತ್ತದೆ. ಉನೊದ ಎಟಿಮೆಗಾ328ಪಿ ಚಿಪ್ಪು ತನಗೆ ಕೊಟ್ಟ ವೋಲ್ಟೇಜಿನ ಶೇ. 60ಕ್ಕಿಂತ ಮೇಲಿನದ್ದನ್ನು ‘ಹೈ’ ಎಂದು ಖಚಿತವಾಗಿ ಓದುತ್ತದೆ. 5ರಲ್ಲಿ ಶೇ. 60 ಎಂದರೆ 3 ವೋಲ್ಟ್. ಅಂತರ ಬರೀ 0.3 ವೋಲ್ಟ್ ಆದರೂ ಕೆಲಸ ನಡೆಯುತ್ತದೆ. 3.3 ವೋಲ್ಟಿನಲ್ಲೇ ನಡೆಯುವ ಇಎಸ್‌ಪಿ8266, ಇಎಸ್‌ಪಿ32 ಬೋರ್ಡುಗಳಿಗಂತೂ ಇದು ಹೇಳಿಮಾಡಿಸಿದಂತಿದೆ. ಔಟ್‌ಪುಟ್ಟನ್ನು ನೇರವಾಗಿ ಪಿನ್ನಿಗೆ ಸೇರಿಸಬಹುದು, ನಡುವೆ ರೆಸಿಸ್ಟರ್ ಬೇಕಿಲ್ಲ. ಸೆನ್ಸರಿನ ವಿದ್ಯುತ್ತನ್ನು ಮಾತ್ರ ಆ ಬೋರ್ಡುಗಳಲ್ಲಿ ಯುಎಸ್‌ಬಿಯಿಂದ ಬರುವ 5 ವೋಲ್ಟ್ ಪಿನ್ನಿನಿಂದಲೇ ತೆಗೆದುಕೊಳ್ಳಬೇಕು.

ವಿದ್ಯುತ್ ಕೊಟ್ಟ ತಕ್ಷಣ ಸೆನ್ಸರನ್ನು ಪರೀಕ್ಷಿಸುವುದು ಹೊಸಬರು ಮಾಡುವ ಮೊದಲ ತಪ್ಪು. ಕೋಣೆಯ ಶಾಖಕ್ಕೆ ಹೊಂದಿಕೊಳ್ಳಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಆ ಹೊತ್ತಿನಲ್ಲಿ ಕಾರಣವಿಲ್ಲದೆ ಒಂದೆರಡು ಸಲ ಔಟ್‌ಪುಟ್ ಏರಿಳಿಯುತ್ತದೆ. ಪ್ರೋಗ್ರಾಮಿನ ಆರಂಭದಲ್ಲೇ 60 ಸೆಕೆಂಡು ಕಾಯುವ ಸಾಲು ಹಾಕಿಟ್ಟರೆ ಕರೆಂಟು ಹೋಗಿ ಬಂದಾಗಲೆಲ್ಲ ದೀಪ ಮಿನುಗುವುದು ತಪ್ಪುತ್ತದೆ.

ಎರಡು ಪ್ರಿಸೆಟ್‌ಗಳಲ್ಲಿ ಒಂದು ಸೂಕ್ಷ್ಮತೆಗೆ. ಇದರಿಂದ ನೋಟದ ದೂರವನ್ನು ಸುಮಾರು 3 ಮೀಟರಿನಿಂದ 7 ಮೀಟರಿನವರೆಗೆ ಹೊಂದಿಸಬಹುದು. ಇನ್ನೊಂದು ಅವಧಿಗೆ: ಒಮ್ಮೆ ಎಚ್ಚೆತ್ತ ಔಟ್‌ಪುಟ್ ಎಷ್ಟು ಹೊತ್ತು ‘ಹೈ’ ಆಗಿಯೇ ಇರಬೇಕೆಂಬುದು, ಕೆಲವು ಸೆಕೆಂಡುಗಳಿಂದ ಸುಮಾರು 5 ನಿಮಿಷದವರೆಗೆ. ಮೈಕ್ರೋಕಂಟ್ರೋಲರ್ ಇಲ್ಲದೆ ಸೆನ್ಸರನ್ನೊಂದನ್ನೇ ಬಳಸುವವರಿಗೆ ಎರಡನೆಯದು ಬೇಕು. ಮೈಕ್ರೋಕಂಟ್ರೋಲರ್ ಇದ್ದಾಗ ಅದನ್ನು ಅತಿ ಕಡಿಮೆಗೆ ತಿರುಗಿಸಿಟ್ಟು, ಹೊತ್ತಿನ ಲೆಕ್ಕವನ್ನೆಲ್ಲ ಪ್ರೋಗ್ರಾಮಿಗೆ ಒಪ್ಪಿಸುವುದೇ ಸರಿಯಾದ ಕ್ರಮ. ಪ್ರಿಸೆಟ್‌ನಲ್ಲಿ 90 ಸೆಕೆಂಡು ಹೊಂದಿಸುವುದು ಅಂದಾಜಿನ ಕೆಲಸ. ಪ್ರೋಗ್ರಾಮಿನಲ್ಲಿ ಅದು ಒಂದು ಸಂಖ್ಯೆ.

ಬೋರ್ಡಿನ ಮೂಲೆಯಲ್ಲಿ ಹಳದಿ ಟೋಪಿಯ ಒಂದು ಜಂಪರ್ ಇರುತ್ತದೆ, ಪಕ್ಕದಲ್ಲಿ ಎಚ್ ಮತ್ತು ಎಲ್ ಎಂಬ ಗುರುತು. ಎಲ್ ಕಡೆಗಿದ್ದರೆ ಅವಧಿ ಮುಗಿದ ಕೂಡಲೇ ಔಟ್‌ಪುಟ್ ಇಳಿಯುತ್ತದೆ, ಆ ನಡುವೆ ಯಾರು ಓಡಾಡಿದರೂ ಲೆಕ್ಕಕ್ಕಿಲ್ಲ. ಎಚ್ ಕಡೆಗಿದ್ದರೆ ಪ್ರತಿ ಹೊಸ ಚಲನೆಯೊಂದಿಗೆ ಅವಧಿ ಮೊದಲಿನಿಂದ ಎಣಿಸಿಕೊಳ್ಳುತ್ತದೆ. ಮೆಟ್ಟಿಲ ದೀಪಕ್ಕೆ ಎಚ್ ಸರಿ. ಯಾವ ಬಗೆಯಲ್ಲಿದ್ದರೂ ಔಟ್‌ಪುಟ್ ಇಳಿದ ಮೇಲೆ ಸುಮಾರು ಎರಡೂವರೆ ಸೆಕೆಂಡು ಸೆನ್ಸರ್ ಕಣ್ಣು ಮುಚ್ಚಿಕೊಂಡಿರುತ್ತದೆ. ಪರೀಕ್ಷಿಸುವಾಗ ಕೈ ಬೀಸಿದರೂ ಏನೂ ಆಗಲಿಲ್ಲವೆಂದರೆ ಬಹುಶಃ ಕೈ ಬೀಸಿದ್ದು ಆ ಎರಡೂವರೆ ಸೆಕೆಂಡಿನೊಳಗೆ.

ಪ್ರೋಗ್ರಾಮಿನ ಹಂದರ ಚಿಕ್ಕದು. ‘ಸೆಟಪ್’ ಭಾಗದಲ್ಲಿ ಪಿನ್ 2 ಇನ್‌ಪುಟ್ ಎಂದೂ ಪಿನ್ 13 ಔಟ್‌ಪುಟ್ ಎಂದೂ ಹೇಳಬೇಕು. 13ನೇ ಪಿನ್ನಿಗೆ ಬೋರ್ಡಿನ ಮೇಲೇ ಒಂದು ಎಲ್‌ಇಡಿ ಇರುವುದರಿಂದ ಪರೀಕ್ಷೆಗೆ ಬೇರೆ ದೀಪ ಬೇಕಿಲ್ಲ. ‘ಲೂಪ್’ ಭಾಗದಲ್ಲಿ ಪಿನ್ 2 ‘ಹೈ’ ಇದ್ದರೆ 13ನ್ನು ಹೊತ್ತಿಸು, ಇಲ್ಲದಿದ್ದರೆ ಆರಿಸು. ಇಷ್ಟಕ್ಕೇ ಕೋಣೆಯಲ್ಲಿ ಓಡಾಡಿದಾಗ ಎಲ್‌ಇಡಿ ಸ್ಪಂದಿಸುತ್ತದೆ. ಮೊದಲ ಸಲ ಅದು ಹೊತ್ತಿಕೊಂಡಾಗ ಆಗುವ ಖುಷಿಯನ್ನು ಈ ಕೆಲಸಕ್ಕೆ ಕೈ ಹಾಕಿದ ಯಾವ ವಿದ್ಯಾರ್ಥಿಯೂ ಮರೆಯುವುದಿಲ್ಲ.

ನಿಜವಾದ ಬಳಕೆಗೆ ಇದು ಸಾಲದು. ಲೂಪ್ ಸೆಕೆಂಡಿಗೆ ಸಾವಿರಾರು ಸಲ ಸುತ್ತುತ್ತದೆ. ‘ಯಾರೋ ಬಂದರು’ ಎಂದು ಕಂಪ್ಯೂಟರ್ ಪರದೆಗೆ ಬರೆಯಲು ಹೇಳಿದರೆ ಒಬ್ಬರೇ ಬಂದಾಗಲೂ ಸಾವಿರ ಸಾಲು ಬೀಳುತ್ತದೆ. ಆದ್ದರಿಂದ ಹಿಂದಿನ ಸುತ್ತಿನಲ್ಲಿ ಪಿನ್ನಿನ ಸ್ಥಿತಿ ಏನಿತ್ತೆಂದು ಒಂದು ವೇರಿಯಬಲ್‌ನಲ್ಲಿ ನೆನಪಿಟ್ಟುಕೊಂಡು, ‘ಲೋ’ ಇದ್ದದ್ದು ‘ಹೈ’ ಆದ ಗಳಿಗೆಯನ್ನಷ್ಟೇ ಘಟನೆಯೆಂದು ಎಣಿಸಬೇಕು. ಎಷ್ಟು ಸಲ ಬಾಗಿಲ ಬಳಿ ಓಡಾಟವಾಯಿತೆಂದು ಲೆಕ್ಕ ಇಡುವುದಕ್ಕೂ, ಫೋನಿಗೆ ಸಂದೇಶ ಕಳಿಸುವುದಕ್ಕೂ ಇದೇ ತಳಹದಿ.

ಹೊತ್ತಿನ ಲೆಕ್ಕಕ್ಕೆ ‘ಡಿಲೇ’ ಬಳಸಿದರೆ ಆ ಅವಧಿಯುದ್ದಕ್ಕೂ ಮೈಕ್ರೋಕಂಟ್ರೋಲರ್ ಬೇರೇನೂ ಮಾಡದೆ ಕೂರುತ್ತದೆ, ಹೊಸ ಚಲನೆಯನ್ನೂ ಗಮನಿಸುವುದಿಲ್ಲ. ಅದರ ಬದಲು ‘ಮಿಲಿಸ್’ ಎಂಬ ಗಡಿಯಾರವನ್ನು ನೋಡಿಕೊಳ್ಳಬೇಕು. ಬೋರ್ಡು ಶುರುವಾದಂದಿನಿಂದ ಎಷ್ಟು ಮಿಲಿಸೆಕೆಂಡು ಕಳೆಯಿತೆಂದು ಅದು ಹೇಳುತ್ತದೆ. ಪಿನ್ನು ‘ಹೈ’ ಇದ್ದಾಗಲೆಲ್ಲ ಆಗಿನ ಹೊತ್ತನ್ನು ಬರೆದಿಟ್ಟುಕೊಳ್ಳುವುದು, ಈಗಿನ ಹೊತ್ತಿನಿಂದ ಅದನ್ನು ಕಳೆದು 60,000 ದಾಟಿದರೆ ದೀಪ ಆರಿಸುವುದು. ಇಲ್ಲಿ ಒಂದು ಗುಂಡಿ ಇದೆ: ಉನೊದಲ್ಲಿ ಸಾಮಾನ್ಯ ‘ಇಂಟ್’ ವೇರಿಯಬಲ್ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಒಂದು ನಿಮಿಷದ ಲೆಕ್ಕವೇ ಅದರೊಳಗೆ ಕೆಟ್ಟುಹೋಗುತ್ತದೆ. ‘ಅನ್‌ಸೈನ್ಡ್ ಲಾಂಗ್’ ಎಂದು ಘೋಷಿಸಿದರೆ ಸರಿ. ಮಿಲಿಸ್ ಗಡಿಯಾರ ಸುಮಾರು 50 ದಿನಕ್ಕೊಮ್ಮೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾದರೂ, ಕಳೆಯುವ ಕ್ರಮದಲ್ಲಿ ಬರೆದ ಲೆಕ್ಕಕ್ಕೆ ಅದರಿಂದ ಧಕ್ಕೆಯಿಲ್ಲ.

ಹಗಲಲ್ಲಿ ದೀಪ ಹೊತ್ತುವುದು ವ್ಯರ್ಥ. ಬೆಳಕು ಬಿದ್ದಾಗ ರೋಧ ಇಳಿಯುವ ಎಲ್‌ಡಿಆರ್ ಒಂದನ್ನು 5 ವೋಲ್ಟ್ ಮತ್ತು ಅನಲಾಗ್ ಪಿನ್ ಎ0 ನಡುವೆ, 10 ಕಿಲೋಓಮ್ ರೆಸಿಸ್ಟರನ್ನು ಎ0 ಮತ್ತು ಗ್ರೌಂಡ್ ನಡುವೆ ಹಾಕಿದರೆ, ಬೆಳಕು ಹೆಚ್ಚಿದಷ್ಟೂ ಓದು 0ಯಿಂದ 1023ರತ್ತ ಏರುತ್ತದೆ. ಕತ್ತಲೆಯ ಗಡಿ ಎಷ್ಟೆಂದು ಆಯಾ ಮೆಟ್ಟಿಲಿನಲ್ಲೇ ಸಂಜೆ ಓದಿ ನೋಡಿ ಗೊತ್ತುಮಾಡಬೇಕು. ದೀಪ ಆರಿರುವಾಗ ಮಾತ್ರ ಈ ಓದನ್ನು ಕೇಳಬೇಕು. ಇಲ್ಲವಾದರೆ ದೀಪ ತನ್ನ ಬೆಳಕನ್ನೇ ಹಗಲೆಂದು ತಿಳಿದು ಆರಿಹೋಗುತ್ತದೆ.

ಮನೆಯ ದೀಪ 230 ವೋಲ್ಟಿನದು, ಮೈಕ್ರೋಕಂಟ್ರೋಲರ್ 5 ವೋಲ್ಟಿನದು. ಎರಡರ ನಡುವೆ ರಿಲೇ ಬೇಕು. 5 ವೋಲ್ಟಿನ ಸಾಮಾನ್ಯ ರಿಲೇಯ ಸುರುಳಿ ಸುಮಾರು 70 ಮಿಲಿಆಂಪಿಯರ್ ಕೇಳುತ್ತದೆ. ಉನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್ ತೆಗೆಯುವುದು ಕ್ಷೇಮ, 40 ಅದರ ಕಟ್ಟಕಡೆಯ ಮಿತಿ. ರಿಲೇಯನ್ನು ನೇರವಾಗಿ ಪಿನ್ನಿಗೆ ಕಟ್ಟಿದರೆ ಪಿನ್ನು ಹೋಗುತ್ತದೆ. ಟ್ರಾನ್ಸಿಸ್ಟರ್, ಡಯೋಡ್ ಎಲ್ಲ ಸೇರಿಸಿಯೇ ಮಾರುವ ರಿಲೇ ಮಾಡ್ಯೂಲ್ ಕೊಳ್ಳುವುದು ಲೇಸು. ಅವುಗಳಲ್ಲಿ ಹಲವು ಪಿನ್ನು ‘ಲೋ’ ಆದಾಗ ಹೊತ್ತುವಂಥವು, ಆದ್ದರಿಂದ ಪ್ರೋಗ್ರಾಮಿನಲ್ಲಿ ಹೈ-ಲೋ ಅದಲುಬದಲು ಮಾಡಬೇಕಾದೀತು. ದೀಪದ ಫೇಸ್ ತಂತಿ ರಿಲೇಯ ಮೂಲಕ ಹಾಯಬೇಕು, ನ್ಯೂಟ್ರಲ್ ನೇರ ಹೋಗಬೇಕು. ಈ ಭಾಗವನ್ನು ಬ್ರೆಡ್‌ಬೋರ್ಡಿನ ಮೇಲೆ ಎಂದೂ ಮಾಡಬಾರದು. ಮೇನ್ ಸ್ವಿಚ್ ಆರಿಸಿ, ಮುಚ್ಚಿದ ಪೆಟ್ಟಿಗೆಯೊಳಗೆ, ವೈರಿಂಗ್ ಬಲ್ಲವರಿಂದಲೇ ಮಾಡಿಸಬೇಕು. 230 ವೋಲ್ಟ್ ಜೀವ ತೆಗೆಯುತ್ತದೆ, ಎರಡನೆಯ ಅವಕಾಶ ಕೊಡುವುದಿಲ್ಲ.

ರಿಲೇ ಬಂದ ಮೇಲೆ ಕಾಣುವ ವಿಚಿತ್ರವೊಂದುಂಟು: ದೀಪ ಆರಿದ ಕೆಲವೇ ಗಳಿಗೆಯಲ್ಲಿ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತದೆ, ರಾತ್ರಿಯೆಲ್ಲ ಹೀಗೇ. ಸೆನ್ಸರ್ ಎದುರಿಗೇ ಬಲ್ಬು ಇದ್ದರೆ ಆರಿದ ಬಲ್ಬು ತಣಿಯುವುದೂ ಶಾಖದ ಬದಲಾವಣೆಯೇ, ಸೆನ್ಸರ್ ಅದನ್ನು ವರದಿ ಮಾಡುತ್ತದೆ. ರಿಲೇ ಕಡಿದಾಗ ವಿದ್ಯುತ್ ತಂತಿಯಲ್ಲಿ ಏಳುವ ಕುಲುಕಾಟವೂ ಸಾವಿರಾರು ಪಟ್ಟು ಹಿಗ್ಗಿಸುವ ಆ ಚಿಪ್ಪಿಗೆ ಚಲನೆಯಂತೆಯೇ ತೋರಬಹುದು. ವೈ-ಫೈ ಇರುವ ಬೋರ್ಡಿನ ಆಂಟೆನಾ ಪಕ್ಕದಲ್ಲಿ ಸೆನ್ಸರ್ ಇಟ್ಟರೂ ಇದೇ ಕಥೆ. ಬಲ್ಬನ್ನು ನೋಟದಿಂದ ಹೊರಗಿಡುವುದು, ಸೆನ್ಸರಿನ ವಿದ್ಯುತ್ ಪಿನ್ನು ಮತ್ತು ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು, ವೈ-ಫೈ ಬೋರ್ಡಿನಿಂದ ಒಂದು ಗೇಣು ದೂರವಿಡುವುದು, ದೀಪ ಆರಿಸಿದ ನಂತರದ ಐದಾರು ಸೆಕೆಂಡು ಸೆನ್ಸರಿನ ಮಾತನ್ನು ಪ್ರೋಗ್ರಾಮು ಕಿವಿಗೆ ಹಾಕಿಕೊಳ್ಳದಿರುವುದು: ಇವುಗಳಲ್ಲಿ ಒಂದಲ್ಲ ಒಂದು ನಾಟುತ್ತದೆ.

ಜಾಗದ ಆಯ್ಕೆಗೆ ತಂತಿಗಿಂತ ಹೆಚ್ಚಿನ ಯೋಚನೆ ಬೇಕು. ಪಟ್ಟೆಗಳನ್ನು ಅಡ್ಡ ದಾಟುವವರು ಚೆನ್ನಾಗಿ ಸಿಕ್ಕಿಬೀಳುತ್ತಾರೆ. ಸೆನ್ಸರಿನತ್ತ ನೇರ ನಡೆದುಬರುವವರು ಬಹಳ ಹೊತ್ತು ಒಂದೇ ಪಟ್ಟೆಯೊಳಗೆ ಉಳಿಯುವುದರಿಂದ ತಡವಾಗಿ ಗೊತ್ತಾಗುತ್ತಾರೆ. ಆದ್ದರಿಂದ ಮೆಟ್ಟಿಲಿನ ತುದಿಯಲ್ಲಿ ಎದುರಾಗಿ ಇಡುವುದಕ್ಕಿಂತ ಪಕ್ಕದ ಗೋಡೆಯಲ್ಲಿ, ಎರಡು ಎರಡೂವರೆ ಮೀಟರ್ ಎತ್ತರದಲ್ಲಿ, ನಡಿಗೆಗೆ ಅಡ್ಡವಾಗಿ ಇಡಬೇಕು. ಬಿಸಿಲು ಬೀಳುವ ಕಿಟಕಿ, ಎಸಿಯ ಗಾಳಿ, ಅಡುಗೆಮನೆಯ ಒಲೆ ಇವು ನೋಟದೊಳಗೆ ಬರಬಾರದು. ಕಿಟಕಿಯ ಗಾಜಿನ ಹಿಂದೆ ಸೆನ್ಸರ್ ಇಟ್ಟು ಅಂಗಳ ಕಾಯುತ್ತೇನೆಂದರೆ ಅದು ಏನನ್ನೂ ಕಾಣದು. ಗುಮ್ಮಟದ ಮೇಲೇ ಜೇಡ ಹರಿದರೆ ಸುಳ್ಳು ಎಚ್ಚರಿಕೆ ಬರುತ್ತದೆ. ಆಗಾಗ ಬಲೆ ಒರೆಸುವುದೊಂದೇ ಅದಕ್ಕೆ ಮದ್ದು.

ಕಲಬುರಗಿ, ರಾಯಚೂರಿನ ಬೇಸಿಗೆ ಈ ಸೆನ್ಸರಿಗೆ ಕಷ್ಟಕಾಲ. ಅದು ಗುರುತಿಸುವುದು ಮೈಬಿಸಿಗೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು. ಚರ್ಮದ ಶಾಖ 33-34 ಡಿಗ್ರಿ ಸೆಲ್ಸಿಯಸ್. ಕಾದ ಗೋಡೆಯೂ ಅಷ್ಟಕ್ಕೇ ಬಂದು ನಿಂತರೆ ಮುಂದೆ ನಡೆದವರು ಗೋಡೆಯಲ್ಲೇ ಕರಗಿಹೋದಂತೆ. ಮಡಿಕೇರಿಯ ಚಳಿಯಲ್ಲಿ 7 ಮೀಟರ್ ದೂರದವರನ್ನು ಹಿಡಿಯುವ ಸೆನ್ಸರ್ ರಾಯಚೂರಿನ ಬೇಸಿಗೆಯಲ್ಲಿ ಅರ್ಧದಷ್ಟು ದೂರಕ್ಕೇ ಸೋತರೆ ಅಚ್ಚರಿಯಿಲ್ಲ. ಸೂಕ್ಷ್ಮತೆಯ ಪ್ರಿಸೆಟ್ಟನ್ನು ಋತುವಿಗೆ ತಕ್ಕಂತೆ ತಿದ್ದಬೇಕಾಗುತ್ತದೆ, ಹೊಂದಿಸಿದ ಮೇಲೆ ದೀಪದ ಬದಲು ಎಲ್‌ಇಡಿ ನೋಡುತ್ತಾ ನಿಜವಾಗಿ ಮೆಟ್ಟಿಲು ಹತ್ತಿಳಿದು ಪರೀಕ್ಷಿಸಬೇಕು.

ಕರೆಂಟಿಲ್ಲದ ಕಡೆ ಬ್ಯಾಟರಿಯ ಲೆಕ್ಕ ಬರುತ್ತದೆ. ಸೆನ್ಸರ್ ಸುಮ್ಮನಿರುವಾಗ ಬಳಸುವುದು 65 ಮೈಕ್ರೋಆಂಪಿಯರ್‌ನ ಆಸುಪಾಸು. 500 ಮಿಲಿಆಂಪಿಯರ್-ಗಂಟೆಯ ಒಂದು 9 ವೋಲ್ಟ್ ಬ್ಯಾಟರಿ, ಲೆಕ್ಕದ ಪ್ರಕಾರ, ಅದೊಂದನ್ನೇ ಸುಮಾರು ಹತ್ತು ತಿಂಗಳು ಸಾಕಬಲ್ಲದು. ಉನೊ ಬೋರ್ಡು 40-50 ಮಿಲಿಆಂಪಿಯರ್ ತಿನ್ನುವುದರಿಂದ ಅದೇ ಬ್ಯಾಟರಿ ಹತ್ತು ಹನ್ನೆರಡು ಗಂಟೆಯಲ್ಲಿ ಬರಿದಾಗುತ್ತದೆ. ಬೋರ್ಡನ್ನು ಬಿಟ್ಟು ಬರಿಯ ಚಿಪ್ಪನ್ನು ಬಳಸಿ, ಅದನ್ನು ನಿದ್ದೆಗೆ ಕಳಿಸಿ, ಸೆನ್ಸರಿನ ಪಿನ್ನು ಬದಲಾದಾಗ ಮಾತ್ರ ಇಂಟರಪ್ಟ್‌ನಿಂದ ಎಬ್ಬಿಸುವುದು ಇದಕ್ಕೆ ದಾರಿ. ಹುಲಿ ಗಣತಿಗಾಗಿ ಬಂಡೀಪುರ, ನಾಗರಹೊಳೆಯ ಮರಗಳಿಗೆ ಕಟ್ಟುವಂಥ ಕ್ಯಾಮೆರಾ ಟ್ರ್ಯಾಪ್‌ಗಳು ದುಡಿಯುವುದು ಬಹುಪಾಲು ಇದೇ ಉಪಾಯದ ಮೇಲೆ: ಯಂತ್ರವೆಲ್ಲ ಮಲಗಿರುತ್ತದೆ, ಪಿಐಆರ್ ಕಣ್ಣೊಂದು ಎಚ್ಚರವಿರುತ್ತದೆ.

ಕದಲದೆ ಕೂತು ಓದುವವರ ಮೇಲಿನ ದೀಪ ಆರಿಹೋಗುವುದನ್ನು ಮಾತ್ರ ಪಿಐಆರ್ ಸೆನ್ಸರಿನಿಂದ ಪೂರ್ತಿ ತಪ್ಪಿಸಲಾಗದು. ಅವಧಿ ಹೆಚ್ಚಿಸಬಹುದು, ಅಷ್ಟೆ. ಬದಲಾವಣೆಯಿಲ್ಲದ ಶಾಖ ಅದಕ್ಕೆ ಇಲ್ಲದ ಶಾಖದಂತೆಯೇ. ಅಂಥ ಕೋಣೆಗಳಿಗೆ ರೇಡಿಯೋ ಅಲೆ ಬಿಟ್ಟು ಅದರ ಮರುದನಿಯನ್ನು ಆಲಿಸುವ ಸೆನ್ಸರ್‌ಗಳಿವೆ. ಸುಮಾರು 3.2 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಆರ್‌ಸಿಡಬ್ಲ್ಯುಎಲ್-0516 ಅಗ್ಗದ್ದು; ಶಾಖದ ಹಂಗಿಲ್ಲ, ಪೆಟ್ಟಿಗೆಯೊಳಗೆ ಮುಚ್ಚಿಟ್ಟರೂ ನಡೆಯುತ್ತದೆ, ಆದರೆ ತೆಳುಗೋಡೆಯಾಚೆ ನಡೆದವರಿಗೂ ದೀಪ ಹೊತ್ತಿಸಿಬಿಡುತ್ತದೆ. 24 ಗಿಗಾಹರ್ಟ್ಸ್‌ನ ಎಲ್‌ಡಿ2410 ರೇಡಾರು ಉಸಿರಾಟದಲ್ಲಿ ಎದೆ ಏರಿಳಿಯುವಷ್ಟು ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ. ಅದರಲ್ಲೂ 5 ವೋಲ್ಟ್, ಗ್ರೌಂಡ್ ಜೊತೆಗೆ 3.3 ವೋಲ್ಟಿನ ಒಂದು ಔಟ್‌ಪುಟ್ ಪಿನ್ನು ಇರುತ್ತದೆ. ಮೆಟ್ಟಿಲ ದೀಪಕ್ಕೆ ಎಳೆದ ಆ ಮೂರು ತಂತಿಗಳನ್ನೇ ಇದಕ್ಕೂ ಸಿಕ್ಕಿಸಬಹುದು. ಪಿನ್ 2ನ್ನು ಓದುವ ಪ್ರೋಗ್ರಾಮಿನಲ್ಲಿ ಹೆಚ್ಚೇನೂ ಬದಲಿಸಬೇಕಿಲ್ಲ.